ಎಂಟು ದಿನಗಳಲ್ಲಿ ಅಳಿಸಿಹೋಗುವ ಸಾಕ್ಷ್ಯ

ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಹಾಲಿನ ಡೈರಿಯ ಬಾಗಿಲು ನಸುಕಿನಲ್ಲಿ ಒಮ್ಮೆ, ಸಂಜೆ ಒಮ್ಮೆ ತೆರೆಯುತ್ತದೆ. ಕ್ಯಾನು, ತಂಬಿಗೆ ಹಿಡಿದು ಸಾಲಿನಲ್ಲಿ ನಿಂತವರ ಎದುರಿನಲ್ಲಿಯೇ ಪ್ರತಿ ಮನೆಯ ಹಾಲಿನಿಂದ ಒಂದಿಷ್ಟನ್ನು ತೆಗೆದು ಪರೀಕ್ಷಿಸಲಾಗುತ್ತದೆ. ಜಿಡ್ಡಿನ ಅಂಶ ಎಷ್ಟಿದೆ, ನೀರು ಬೆರೆತಿದೆಯೇ ಎಂಬುದು ಅಂಕಿಯಾಗಿ ಚೀಟಿಯ ಮೇಲೆ ಬರುತ್ತದೆ. ಆ ಅಂಕಿಯ ಮೇಲೆ ದರ ನಿಲ್ಲುತ್ತದೆ. ಅಂಕಿಯ ಬಗ್ಗೆ ಸಂಶಯ ಬಂದರೆ ಅಲ್ಲಿಯೇ ತಕರಾರು ಏಳುತ್ತದೆ, ಇನ್ನೊಮ್ಮೆ ಅಳೆಯಿರಿ ಎಂಬ ಒತ್ತಾಯ ಬರುತ್ತದೆ. ಅಳತೆ ಕಣ್ಣೆದುರಿಗೆ ನಡೆಯಬೇಕು, ಅಂದೇ ನಡೆಯಬೇಕು, ಅದರ ಫಲಿತಾಂಶ ಹಾಲು ಹಾಕಿದವರ ಕೈಗೆ ಬರಬೇಕು ಎಂಬುದನ್ನು ಈ ಸೀಮೆಯ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇದೇ ಹಾಲಿನ ವಿಷಯವಾಗಿ ಕೊಪ್ಪಳ ಜಿಲ್ಲೆಯವರು ಇನ್ನೊಂದು ಅಳತೆಯನ್ನು ಕೇಳಬೇಕಾದ ಕಾಲ ಬಂದಿದೆ. 2025ರಲ್ಲಿ ಈ ಜಿಲ್ಲೆಯಲ್ಲಿ ಅಣುವಿದ್ಯುತ್ ಸ್ಥಾವರಕ್ಕಾಗಿ ಜಾಗ ಹುಡುಕುತ್ತಿರುವ ಸುದ್ದಿ ಹೊರಬಿತ್ತು. ಅದೇ ವರ್ಷದ ಫೆಬ್ರುವರಿ 24ರಂದು ಬಲ್ದೋಟಾ ಉಕ್ಕಿನ ಕಾರ್ಖಾನೆಯ ವಿರುದ್ಧ ಕೊಪ್ಪಳ ಬಂದ್ ನಡೆದು, ಗವಿಮಠದ ಸ್ವಾಮಿಗಳೂ ಜನರೊಡನೆ ಬೀದಿಗಿಳಿದಿದ್ದರು. ಕಾರ್ಖಾನೆಗಳ ಕರಿಧೂಳಿನಿಂದ ಮೊದಲೇ ಬೇಸತ್ತ ಜಿಲ್ಲೆಗೆ ಅಣುಸ್ಥಾವರದ ಮಾತು ಗಾಯದ ಮೇಲೆ ಬರೆ ಎಳೆದಂತಾದುದು ಸಹಜ. ಜಮೀನು ಹೋಗುತ್ತದೆ, ತುಂಗಭದ್ರೆಯ ನೀರು ಹೋಗುತ್ತದೆ, ಸಿಗುವ ಉದ್ಯೋಗ ಎಷ್ಟು ಎಂಬ ಪ್ರಶ್ನೆಗಳು ಎದ್ದವು. ಅವೆಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಸ್ಥಾವರದ ಚಿಮಣಿಯಿಂದ ಒಂದು ದಿನ ಏನಾದರೂ ಹೊರಬಿದ್ದರೆ ಅದು ಯಾರಿಗೆ, ಯಾವಾಗ, ಯಾವ ಉಪಕರಣದಿಂದ ತಿಳಿಯುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಮುಂದೆ ಬರಲಿಲ್ಲ.

ಘಟ್ಟದ ಓದುಗರಿಗೆ ಕೊಪ್ಪಳ ದೂರದ ಬಯಲು ಎನಿಸಬಹುದು. ಆದರೆ ಕರ್ನಾಟಕದಲ್ಲಿ ಈ ಪ್ರಶ್ನೆಯೊಡನೆ ಬದುಕುತ್ತಿರುವವರು ಘಟ್ಟದವರೇ. ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಜಲಾಶಯದ ಪಕ್ಕದಲ್ಲಿರುವ ಕೈಗಾದಲ್ಲಿ 2000ದಿಂದ ಅಣುವಿದ್ಯುತ್ ಉತ್ಪಾದನೆಯಾಗುತ್ತಿದೆ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ತಲಾ 700 ಮೆಗಾವಾಟಿನ ಇನ್ನೆರಡಕ್ಕೆ 2017ರಲ್ಲಿ ಒಪ್ಪಿಗೆ ದೊರೆಯಿತು. ಕೈಗಾದ ಅನುಭವವನ್ನು ಕೊಪ್ಪಳಕ್ಕೆ ತಲುಪಿಸುವುದು, ಕೊಪ್ಪಳದವರು ಕೇಳುವ ಪ್ರಶ್ನೆಯನ್ನು ಕೈಗಾದಲ್ಲಿಯೂ ಕೇಳುವುದು, ಎರಡೂ ಒಂದೇ ಕೆಲಸದ ಎರಡು ಭಾಗಗಳು.

ಹೊರಬೀಳುವ ವಸ್ತುಗಳು ಹಲವು. ಅವುಗಳಲ್ಲಿ ಅಯೋಡಿನ್-131 ಎಂಬುದು ಹಳ್ಳಿಯ ಮನೆಗೆ ಎಲ್ಲಕ್ಕಿಂತ ಬೇಗ ತಲುಪುವಂಥದ್ದು. ರಿಯಾಕ್ಟರಿನ ಇಂಧನದಲ್ಲಿ ಯುರೇನಿಯಂ ಪರಮಾಣು ಒಡೆದಾಗಲೆಲ್ಲ ಇದು ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತಿರುತ್ತದೆ. ಇಂಧನದ ಕೊಳವೆಗಳು ಬಿರುಕಿಲ್ಲದೆ ಇರುವವರೆಗೆ ಒಳಗೇ ಇರುತ್ತದೆ. ಕೊಳವೆ ಸೋರಿದರೆ ತಂಪುಗೊಳಿಸುವ ಭಾರಜಲಕ್ಕೆ ಬರುತ್ತದೆ. ಅಲ್ಲಿಂದ ಗಾಳಿಗೆ ಬರಲು ಅದಕ್ಕೆ ಕಷ್ಟವಿಲ್ಲ, ಏಕೆಂದರೆ ಅಯೋಡಿನ್ ಸುಲಭವಾಗಿ ಆವಿಯಾಗುವ ವಸ್ತು. ಗಾಳಿಯಲ್ಲಿ ತೇಲಿ ಬಂದುದು ಹುಲ್ಲಿನ ಮೇಲೆ ಕೂರುತ್ತದೆ. ಹಸು ಒಂದು ದಿನದಲ್ಲಿ ಎಷ್ಟು ಅಗಲದ ನೆಲವನ್ನು ಮೇಯುತ್ತದೆ ಎಂಬುದನ್ನು ದನ ಕಾಯ್ದವರು ಬಲ್ಲರು. ಅಷ್ಟು ನೆಲದ ಮೇಲೆ ತೆಳ್ಳಗೆ ಹರಡಿದ್ದ ಅಯೋಡಿನ್ನನ್ನು ಅದು ಒಟ್ಟುಗೂಡಿಸಿ ಕೆಚ್ಚಲಿಗೆ ತರುತ್ತದೆ. ಮೇಯ್ದ ಒಂದೆರಡು ದಿನಗಳಲ್ಲಿ ಹಾಲಿನಲ್ಲಿ ಅದು ಕಾಣಿಸುತ್ತದೆ. ಹಾಲು ಕುಡಿದ ಮಗುವಿನ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಉಪ್ಪಿನ ಅಯೋಡಿನ್ ಯಾವುದು, ರಿಯಾಕ್ಟರಿನದು ಯಾವುದು ಎಂದು ಭೇದ ಮಾಡದೆ ಎರಡನ್ನೂ ಹೀರಿಕೊಳ್ಳುತ್ತದೆ. ಮಗುವಿನ ಗ್ರಂಥಿ ಚಿಕ್ಕದು; ಅದೇ ಪ್ರಮಾಣದ ಅಯೋಡಿನ್ ಅಲ್ಲಿ ದೊಡ್ಡವರ ಗ್ರಂಥಿಗಿಂತ ಹೆಚ್ಚಿನ ವಿಕಿರಣವನ್ನು ಉಣಿಸುತ್ತದೆ. ಆಹಾರದಲ್ಲಿ ಅಯೋಡಿನ್ ಕೊರತೆ ಇರುವ ಕಡೆ ಗ್ರಂಥಿಯ ಹಸಿವು ಇನ್ನೂ ಹೆಚ್ಚು. ಗಳಗಂಡವನ್ನು ಕಂಡಿರುವ ಮಲೆನಾಡಿನ ಹಿರಿಯರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಕೊಪ್ಪಳದ ಮಟ್ಟಿಗೆ ಇಲ್ಲಿ ಒಂದು ವಿಶೇಷವಿದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಸಜ್ಜೆ, ಜೋಳ, ಹುರುಳಿಯ ಜೊತೆಗೆ ಮನೆ ನಡೆಸುವುದು ಕುರಿ ಮತ್ತು ಆಡು. ಒಂದೇ ಹುಲ್ಲುಗಾವಲಿನಲ್ಲಿ ಮೇಯ್ದರೂ ಆಡು, ಕುರಿಗಳ ಪ್ರತಿ ಲೀಟರ್ ಹಾಲಿನಲ್ಲಿ ಸೇರುವ ಅಯೋಡಿನ್ ಹಸುವಿನ ಹಾಲಿನಲ್ಲಿ ಸೇರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಈ ಹಾಲು ಡೈರಿಗೆ ಹೋಗುವುದಿಲ್ಲ. ಮನೆಯ ಮಕ್ಕಳಿಗೆ, ಹಟ್ಟಿಯ ಚಹಾಕ್ಕೆ ಹೋಗುತ್ತದೆ. ಆದುದರಿಂದ ಡೈರಿಯ ಹಾಲನ್ನು ಮಾತ್ರ ಪರೀಕ್ಷಿಸಿ ಎಲ್ಲವೂ ಸರಿಯಿದೆ ಎಂದರೆ ಅತಿ ಹೆಚ್ಚು ಅಪಾಯದಲ್ಲಿರುವ ಹಾಲು ಲೆಕ್ಕಕ್ಕೇ ಬರುವುದಿಲ್ಲ. ಕುರಿಗಾರರು ಒಂದೆಡೆ ನಿಲ್ಲುವವರೂ ಅಲ್ಲ. ಸುಗ್ಗಿಯ ನಂತರ ಹಿಂಡುಗಳು ನೀರಾವರಿಯ ಬಯಲಿಗೆ ಇಳಿಯುತ್ತವೆ, ಗಂಗಾವತಿ ಕಡೆಯ ಭತ್ತದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ತಂಗುತ್ತವೆ. ಅಣುಸ್ಥಾವರಗಳ ತುರ್ತು ಯೋಜನೆಗೆ ಸುತ್ತ 16 ಕಿಲೋಮೀಟರ್ ಎಂದು ನಕ್ಷೆಯಲ್ಲಿ ವೃತ್ತ ಎಳೆಯುವುದು ರೂಢಿ. ನಡೆದಾಡುವ ಹಿಂಡಿಗೆ ಆ ವೃತ್ತ ಎಲ್ಲಿ ಅಡ್ಡಬಂದೀತು?

ಈ ವಸ್ತುವಿನ ಗುಣದಲ್ಲಿಯೇ ಅದರ ರಾಜಕೀಯವೂ ಅಡಗಿದೆ. ಅಯೋಡಿನ್-131ರ ಅರ್ಧಾಯು ಎಂಟು ದಿನ. ಇಂದು ನೂರು ಪಾಲಿದ್ದರೆ ಎಂಟು ದಿನಕ್ಕೆ ಐವತ್ತು, ಹದಿನಾರು ದಿನಕ್ಕೆ ಇಪ್ಪತ್ತೈದು. ನಲವತ್ತು ದಿನಕ್ಕೆ ಮೂವತ್ತೆರಡರಲ್ಲಿ ಒಂದು ಪಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಹುಲ್ಲಿನ ಮೇಲಂತೂ ಗಾಳಿ ಮಳೆಗೆ ತೊಳೆದುಹೋಗುವುದೂ ಸೇರಿ ಅದು ಸುಮಾರು ಐದು ದಿನಕ್ಕೇ ಅರ್ಧವಾಗುತ್ತದೆ. ಅಂದರೆ ಒಂದನೆಯ ತಾರೀಖು ಬಿದ್ದ ಅಯೋಡಿನ್ನನ್ನು ಹುಡುಕಿಕೊಂಡು ತಿಂಗಳ ಕೊನೆಗೆ ಬಂದವನಿಗೆ ಅರವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಮೂರು ತಿಂಗಳು ಬಿಟ್ಟು ಬಂದವನಿಗೆ ಏನೂ ಸಿಗುವುದಿಲ್ಲ. ಏನೂ ಇರಲಿಲ್ಲ ಎಂದು ಆತ ಪ್ರಾಮಾಣಿಕವಾಗಿಯೇ ವರದಿ ಬರೆದಾನು.

ಜಿಲ್ಲೆಗೆ ಪರಿಚಿತವಾದ ಇತರ ಪೀಡೆಗಳು ಹೀಗಿಲ್ಲ. ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಮಸಿ ಮಾಳಿಗೆಯ ಮೇಲೆ, ಬೆಳೆಯ ಎಲೆಯ ಮೇಲೆ ಕುಳಿತು ತಾನೇ ಸಾಕ್ಷಿ ಹೇಳುತ್ತದೆ. ಕೊಳವೆಬಾವಿಯ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರೆಯುತ್ತದೆ, ಮುದುಕರ ಬೆನ್ನು ಬಾಗಿಸುತ್ತದೆ. ಆ ನೀರನ್ನು ಹತ್ತು ವರ್ಷ ಬಿಟ್ಟು ಪರೀಕ್ಷಿಸಿದರೂ ಫ್ಲೋರೈಡ್ ಅಲ್ಲಿಯೇ ಇರುತ್ತದೆ. ಅಯೋಡಿನ್ ಬಂದುದನ್ನು ಆ ಎರಡು ಮೂರು ವಾರಗಳಲ್ಲಿ ಉಪಕರಣದಿಂದ ಹಿಡಿಯದಿದ್ದರೆ ಮುಂದೆ ಹಿಡಿಯುವ ದಾರಿಯೇ ಇಲ್ಲ. ಅದರ ಪರಿಣಾಮ ಕಾಣಿಸುವುದು ಹಲವು ವರ್ಷಗಳ ಮೇಲೆ. ಆ ಹೊತ್ತಿಗೆ ಕಾರಣವೂ ಇಲ್ಲ, ಸಾಕ್ಷಿಯೂ ಇಲ್ಲ.

ಇದು ಬರಿಯ ಊಹೆಯಲ್ಲ. 1949ರ ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಹ್ಯಾನ್‌ಫೋರ್ಡ್ ಸ್ಥಾವರದಿಂದ ಸುಮಾರು 8,000 ಕ್ಯೂರಿ ಅಯೋಡಿನ್-131ನ್ನು ಬೇಕೆಂದೇ ಗಾಳಿಗೆ ಬಿಡಲಾಯಿತು. ಸುತ್ತಲಿನ ರೈತರಿಗೆ ಅದು ತಿಳಿದದ್ದು 1986ರಲ್ಲಿ, ಸರ್ಕಾರದ ಹಳೆಯ ಕಾಗದಪತ್ರಗಳು ಬಹಿರಂಗವಾದಾಗ. ಮೂವತ್ತೇಳು ವರ್ಷಗಳ ನಂತರ ಯಾವ ಹಾಲನ್ನು ತಂದು ಪರೀಕ್ಷಿಸುವುದು?

ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ನಡೆದುದು ಸ್ವಲ್ಪ ಬೇರೆ. 1957ರ ಅಕ್ಟೋಬರಿನಲ್ಲಿ ಅಲ್ಲಿಯ ರಿಯಾಕ್ಟರಿಗೆ ಬೆಂಕಿ ಬಿದ್ದಿತು. ಚಿಮಣಿಯ ತುದಿಯಲ್ಲಿ ಶೋಧಕಗಳಿದ್ದವು. ಧೂಳಿನ ಬಹುಭಾಗವನ್ನು ಅವು ತಡೆದವು, ಆವಿಯಾದ ಅಯೋಡಿನ್ ದಾಟಿ ಹೋಯಿತು. ಆದರೆ ಕೂಡಲೇ ಸುತ್ತಲಿನ ಹಾಲನ್ನು ಅಳೆಯಲಾಯಿತು, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲು ಮಾರಾಟ ವಾರಗಟ್ಟಲೆ ನಿಂತಿತು, ಲಕ್ಷಾಂತರ ಲೀಟರ್ ಹಾಲನ್ನು ಚೆಲ್ಲಲಾಯಿತು. ತನಿಖೆಯ ಪೂರ್ಣ ವರದಿಯನ್ನು ಅಲ್ಲಿಯ ಸರ್ಕಾರವು ಮೂವತ್ತು ವರ್ಷ ಮುಚ್ಚಿಟ್ಟು 1988ರಲ್ಲಿ ಹೊರಬಿಟ್ಟಿತು ಎಂಬುದು ನಿಜ. ಆದರೂ ಆ ವಾರ ಹಾಲನ್ನು ಅಳೆದುದರಿಂದ ಅನೇಕ ಮಕ್ಕಳ ಕುತ್ತಿಗೆ ಉಳಿಯಿತು.

ಚೆರ್ನೋಬಿಲ್‌ನಲ್ಲಿ 1986ರ ಏಪ್ರಿಲ್ 26ರ ನಸುಕಿನಲ್ಲಿ ಸ್ಫೋಟವಾಯಿತು. ಸೋವಿಯತ್ ಸರ್ಕಾರ ಬಾಯಿಬಿಟ್ಟಿದ್ದು 28ರ ಸಂಜೆ. ಅದೂ ಅಂದು ಬೆಳಿಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದ ಉಪಕರಣಗಳು ಕೂಗಿಕೊಂಡ ಮೇಲೆ. ನೆರೆಯ ಪೋಲೆಂಡ್ ತನ್ನದೇ ಗಾಳಿಯನ್ನು ತಾನೇ ಅಳೆಯುತ್ತಿತ್ತು. ಅಲ್ಲಿಯ ಅಧಿಕಾರಿಗಳು ಮಾಸ್ಕೋದ ವಿವರಣೆಗೆ ಕಾಯದೆ 29ರಿಂದಲೇ ಅಯೋಡಿನ್ ಔಷಧಿ ಹಂಚಲು ತೊಡಗಿ, ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಕುಡಿಸಿದರು. ಹಸುಗಳನ್ನು ಹಸಿ ಮೇವಿಗೆ ಬಿಡದಂತೆ ತಡೆದರು. ಬೆಲಾರೂಸ್, ಉಕ್ರೇನ್ ಹಾಗೂ ಹತ್ತಿರದ ರಷ್ಯಾದ ಹಳ್ಳಿಗಳಲ್ಲಿ ಮಾತ್ರ ಮಕ್ಕಳು ಎಂದಿನಂತೆ ಹಾಲು ಕುಡಿದರು. 2005ರ ವೇಳೆಗೆ, ಆಗ ಮಕ್ಕಳೂ ಹರೆಯದವರೂ ಆಗಿದ್ದವರಲ್ಲಿ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿತ್ತು. ಅದರಲ್ಲಿ ದೊಡ್ಡ ಪಾಲಿಗೆ ಆ ವಾರಗಳ ಹಾಲಿನ ಅಯೋಡಿನ್ನೇ ಕಾರಣವಿರಬೇಕೆಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ಹೇಳಿದೆ. ಚಿಕಿತ್ಸೆಯಿಂದ ಹೆಚ್ಚಿನವರು ಬದುಕಿದರು ಎಂಬುದನ್ನೂ ಹೇಳಬೇಕು. ಜೀವಮಾನವಿಡೀ ಮಾತ್ರೆ ನುಂಗುವ ಬದುಕು ಅದು.

ಹಳೆಯ ಕಾಲದ, ಮುಚ್ಚಿಡುವ ಸರ್ಕಾರಗಳ ಕಥೆ ಇದು ಎಂದು ತಳ್ಳಿಹಾಕುವವರು 2011ರ ಫುಕುಶಿಮಾವನ್ನು ನೋಡಬೇಕು. ಉಪಕರಣಗಳಿಗೆ ಹೆಸರಾದ ಜಪಾನಿನಲ್ಲಿ, ಫುಕುಶಿಮಾ ಪ್ರಾಂತ್ಯದ 24 ವಿಕಿರಣ ಮಾಪನ ಕೇಂದ್ರಗಳ ಪೈಕಿ 23 ಭೂಕಂಪ, ಸುನಾಮಿ, ವಿದ್ಯುತ್ ನಿಲುಗಡೆಗಳಿಂದಾಗಿ ನಿಷ್ಪ್ರಯೋಜಕವಾದವು. ಅಳತೆ ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅಳೆಯುವ ಕಣ್ಣು ಮುಚ್ಚಿತು. ಮಾರ್ಚ್ ತಿಂಗಳ ಕೊನೆಯ ವಾರ 1,080 ಮಕ್ಕಳ ಕುತ್ತಿಗೆಗೆ ಉಪಕರಣ ಹಿಡಿದು ನೋಡಲಾಯಿತು; ಅಯೋಡಿನ್ ಆಗಲೇ ಕರಗುತ್ತಿತ್ತು. ಅನಂತರ ಪ್ರಾಂತ್ಯದ ಲಕ್ಷಾಂತರ ಮಕ್ಕಳ ಥೈರಾಯ್ಡ್ ತಪಾಸಣೆ ನಡೆಯಿತು. ಕಂಡುಬಂದ ಕ್ಯಾನ್ಸರುಗಳಿಗೆ ವಿಕಿರಣ ಕಾರಣವೇ, ಅಥವಾ ಅಷ್ಟೊಂದು ಮಕ್ಕಳನ್ನು ಅಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದುದರಿಂದ ಕಂಡುಬಂದವೇ ಎಂಬ ವಾದ ವರ್ಷಗಳವರೆಗೆ ಎಳೆಯಿತು. ವಿಶ್ವಸಂಸ್ಥೆಯ ಸಮಿತಿ ಎರಡನೆಯದನ್ನೇ ಹೇಳುತ್ತದೆ. ಒಪ್ಪದ ವೈದ್ಯರೂ ಇದ್ದಾರೆ. ಆ ಮೊದಲ ಹತ್ತು ದಿನಗಳ ಅಳತೆ ಸಾಕಷ್ಟು ಇದ್ದಿದ್ದರೆ ತಾಯಂದಿರಿಗೆ ಒಂದು ನೇರ ಉತ್ತರವಾದರೂ ಸಿಗುತ್ತಿತ್ತು. ಅದೇ ದುರಂತದಲ್ಲಿ, 200 ಕಿಲೋಮೀಟರಿಗೂ ಆಚೆಗಿರುವ ಟೋಕಿಯೋದ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಲೀಟರಿಗೆ 210 ಬೆಕರೆಲ್ ಅಯೋಡಿನ್-131 ಕಂಡುಬಂದು, ಕೂಸುಗಳಿಗೆ ನಲ್ಲಿ ನೀರು ಕೊಡಬೇಡಿರೆಂದು ಮಾರ್ಚ್ 23ರಂದು ಪ್ರಕಟಣೆ ಹೊರಟಿತು. ಕೂಸುಗಳಿಗೆ ಅಲ್ಲಿಯ ಮಿತಿ 100. ನೀರನ್ನು ಅಳೆದರು, ಸಂಖ್ಯೆಯನ್ನು ಹೇಳಿದರು, ಬಾಟಲಿ ನೀರು ಹಂಚಿದರು.

ಇನ್ನು ಕೈಗಾ. ಅಲ್ಲಿಯ ಚರಿತ್ರೆ ಈ ಪುಟಗಳ ಓದುಗರಿಗೆ ಹೊಸದಲ್ಲ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತುದು, ಕುಸುಮಾ ಸೊರಬ ಅವರ ಹೋರಾಟ, 1994ರ ಮೇ 13ರಂದು ನಿರ್ಮಾಣ ಹಂತದ ಗುಮ್ಮಟದ ಒಳಪದರ ಕುಸಿದು ಬಿದ್ದುದು, ಎಲ್ಲವೂ ದಾಖಲಾಗಿವೆ. ಇಲ್ಲಿ ಬೇಕಾದುದು ಅಳತೆಯ ವಿಷಯ. ಕೈಗಾದಲ್ಲಿ ಅಳತೆಯೇ ಇಲ್ಲವೆನ್ನುವುದು ಸುಳ್ಳಾಗುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದು ಅಲ್ಲಿದೆ. ಸುಮಾರು 30 ಕಿಲೋಮೀಟರ್ ಸುತ್ತಳತೆಯಲ್ಲಿ ಗಾಳಿ, ನೀರು, ಮಣ್ಣು, ಹುಲ್ಲು, ಹಾಲು, ಮೀನುಗಳ ಮಾದರಿಯನ್ನು ಪರೀಕ್ಷಿಸುತ್ತದೆ. ಚಿಮಣಿಯೊಳಗಿನ ಗಾಳಿಯ ಒಂದು ಎಳೆಯನ್ನು ಸದಾ ಹೀರಿ, ರಾಸಾಯನಿಕ ಲೇಪಿಸಿದ ಇದ್ದಿಲಿನ ಡಬ್ಬಿಯ ಮೂಲಕ ಹಾಯಿಸುವುದು ಎಲ್ಲ ಅಣುಸ್ಥಾವರಗಳಲ್ಲಿರುವ ಕ್ರಮ. ಅಯೋಡಿನ್ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಡಬ್ಬಿಯನ್ನು ಕಾಲಕಾಲಕ್ಕೆ ಬಿಚ್ಚಿ ಪ್ರಯೋಗಾಲಯದಲ್ಲಿ ಎಣಿಸಿದರೆ ಪ್ರಮಾಣ ತಿಳಿಯುತ್ತದೆ. ಜನರಿಗೆ ವರ್ಷಕ್ಕೆ ಗರಿಷ್ಠ 1 ಮಿಲಿಸೀವರ್ಟ್ ಎಂಬ ಮಿತಿಗಿಂತ ಕೈಗಾ ಸುತ್ತಲಿನ ಪ್ರಮಾಣ ಬಹಳ ಕಡಿಮೆ ಎಂಬುದು ಇಲಾಖೆಯ ವರದಿಗಳ ಸಾರ. ಕೊಳವೆ ಸೋರದ ದಿನಗಳಲ್ಲಿ ಹೊರಬೀಳುವ ಅಯೋಡಿನ್ ಅತ್ಯಲ್ಪ ಎಂಬುದನ್ನು ವಿರೋಧಿಗಳೂ ಒಪ್ಪಬೇಕು.

ತಕರಾರು ಇರುವುದು ಆ ಅಂಕಿಗಳು ಹೊರಬರುವ ರೀತಿಯಲ್ಲಿ. ಅಣುಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಯಲ್ಲಿ ಹೊರಬಿಟ್ಟ ಪ್ರಮಾಣವು ಅನುಮತಿಸಿದ ಮಿತಿಯ ಶೇಕಡಾ ಇಷ್ಟು ಎಂದು ಕಾಣಿಸಿಕೊಳ್ಳುತ್ತದೆ. ಟ್ರಿಟಿಯಂಗೆ ಈ ಲೆಕ್ಕ ಅಷ್ಟಿಷ್ಟು ಅರ್ಥಪೂರ್ಣ. ಅದು ಹನ್ನೆರಡು ವರ್ಷಗಳ ಅರ್ಧಾಯುವಿನ ವಸ್ತು. ಎಂಟು ದಿನದ ವಸ್ತುವಿಗೆ ವರ್ಷದ ಸರಾಸರಿ ಏನು ಹೇಳೀತು? ವರ್ಷದ ಮಿತಿಯ ಒಂದು ಪಾಲು 365 ದಿನಗಳಲ್ಲಿ ಹನಿಹನಿಯಾಗಿ ಹೋಯಿತೇ, ಅಥವಾ ಕಾರ್ತಿಕದ ಒಂದು ನಿಶ್ಚಲ ರಾತ್ರಿ, ಕಣಿವೆಯಲ್ಲಿ ಮಂಜು ಕಟ್ಟಿ ನಿಂತಾಗ, ಒಮ್ಮೆಲೇ ಹೋಯಿತೇ ಎಂಬ ವ್ಯತ್ಯಾಸ ಆ ಶೇಕಡಾದಲ್ಲಿ ಇಲ್ಲ. ಮೊದಲನೆಯದರಲ್ಲಿ ಹಾಲಿನಲ್ಲಿ ಏನೂ ಕಾಣದು. ಎರಡನೆಯದರಲ್ಲಿ ಕೆಳಗಾಳಿಯ ಎರಡು ಹಳ್ಳಿಗಳ ಹಾಲನ್ನು ಹದಿನೈದು ದಿನ ತಡೆಹಿಡಿಯಬೇಕಾದೀತು. ವರ್ಷದ ವರದಿ ಕೈಸೇರುವ ಹೊತ್ತಿಗೆ ಆ ಹಾಲು ಕುಡಿದ ಕೂಸು ನಡೆಯಲು ಕಲಿತಿರುತ್ತದೆ.

2009ರ ನವೆಂಬರಿನ ಘಟನೆ ಇನ್ನೊಂದು ಪಾಠ. ಕೈಗಾದ ಕುಡಿಯುವ ನೀರಿನ ಕೂಲರೊಂದಕ್ಕೆ ಟ್ರಿಟಿಯಂ ಇರುವ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ಮಂದಿ ನೌಕರರ ದೇಹ ಸೇರಿತು. ಯಾರೋ ಒಳಗಿನವರು ಬೇಕೆಂದೇ ಮಾಡಿದ ಕೃತ್ಯವೆಂದು ಅಧಿಕಾರಿಗಳು ಹೇಳಿದರು. ಅದು ಅಯೋಡಿನ್ ಅಲ್ಲ, ಬೇಲಿಯ ಹೊರಗೆ ಬಂದುದೂ ಅಲ್ಲ. ಗಮನಿಸಬೇಕಾದ ಸಂಗತಿ ಬೇರೆ: ನೌಕರರ ಮೂತ್ರವನ್ನು ನಿಯಮದಂತೆ ಆಗಾಗ ಪರೀಕ್ಷಿಸುತ್ತಿದ್ದುದರಿಂದಲೇ ಅದು ಬೆಳಕಿಗೆ ಬಂದಿತು. ನಿರಂತರ ಪರೀಕ್ಷೆಗೆ ಒಳಪಟ್ಟವರು ತಮಗಾದುದನ್ನು ತಿಳಿದುಕೊಂಡರು. ಬೇಲಿಯ ಹೊರಗಿನವರಿಗೆ ಅಂಥ ಪರೀಕ್ಷೆ ಇಲ್ಲ.

ಕಾನೂನಿನ ಕಡೆಯಿಂದ ಸಿಗುವ ಭರವಸೆ ಬಹಳವಿಲ್ಲ. 1983ರಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿ ದಶಕಗಳ ಕಾಲ ಅಣುಶಕ್ತಿ ಆಯೋಗದ ಅಡಿಯಲ್ಲಿಯೇ ಇತ್ತು; ಅದರ ಸ್ವಾತಂತ್ರ್ಯದ ಕೊರತೆಯನ್ನು ಮಹಾಲೇಖಪಾಲರು 2012ರ ವರದಿಯಲ್ಲಿ ಎತ್ತಿ ತೋರಿಸಿದ್ದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾಯ್ದೆ 1962ರ ಕಾಯ್ದೆಯ ಸ್ಥಾನಕ್ಕೆ ಬಂದು, ಮಂಡಳಿಗೆ ಶಾಸನದ ಬಲ ಕೊಟ್ಟಿದೆ. ಅದರ ಜೊತೆಗೆ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದೆ, ಮಾಹಿತಿಯನ್ನು ನಿರ್ಬಂಧಿತವೆಂದು ಘೋಷಿಸುವ ಅಧಿಕಾರವನ್ನೂ ಉಳಿಸಿಕೊಂಡಿದೆ. (ಕಾಯ್ದೆಗಳಿಗೆ ಹೆಸರಿಡುವವರ ಜಾಣತನಕ್ಕೆ ಕೊರತೆಯಿಲ್ಲ.) ಸರ್ಕಾರದ ಸ್ಥಾವರದಿಂದಲೇ ಗಂಟೆಗಂಟೆಯ ಲೆಕ್ಕ ಸಿಗದಿರುವಾಗ, ಲಾಭದ ಲೆಕ್ಕವಿಡುವ ಕಂಪನಿ ತಾನಾಗಿ ಕೊಟ್ಟೀತೇ?

ಆದುದರಿಂದ ಕೊಪ್ಪಳದ ಗ್ರಾಮಸಭೆಗಳು ಒಂದು ಎಕರೆಯ ಮಾತು ಎತ್ತುವ ಮೊದಲೇ ಅಳತೆಯ ಷರತ್ತನ್ನು ಎತ್ತಬೇಕು. ಯಲಬುರ್ಗಾ, ಕುಷ್ಟಗಿ ಬಯಲಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಕಂಪನಿಗಳು ಮೊದಲು ಕಂಬ ನೆಟ್ಟು ಗಾಳಿಯ ವೇಗ, ದಿಕ್ಕುಗಳನ್ನು ದೀರ್ಘಕಾಲ ಅಳೆಯುತ್ತವೆ. ಅಳೆಯದೆ ಬಂಡವಾಳ ಹಾಕುವುದಿಲ್ಲ. ಹಣಕ್ಕಾಗಿ ಗಾಳಿಯನ್ನು ಅಷ್ಟು ಕಾಲ ಅಳೆಯಬಹುದಾದರೆ ಮಕ್ಕಳಿಗಾಗಿಯೂ ಅಳೆಯಬಹುದು. ಸ್ಥಾವರಕ್ಕೆ ಮೊದಲಿನ ಸ್ಥಿತಿ ದಾಖಲಾಗಿರದಿದ್ದರೆ ಮುಂದೆ ಏನು ಕಂಡರೂ 'ಇದು ಕಲ್ಲುಬೆಟ್ಟದ ನಾಡು, ಇಲ್ಲಿಯ ಗ್ರಾನೈಟಿನಲ್ಲಿಯೇ ವಿಕಿರಣವಿದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಂಗಾವತಿ, ಆನೆಗುಂದಿ ಕಡೆಯ ಬಂಡೆಗಳಲ್ಲಿ ಸ್ವಾಭಾವಿಕ ವಿಕಿರಣ ಇರುವುದೂ ನಿಜವೇ. ಆದರೆ ಅಯೋಡಿನ್-131 ಯಾವ ಬಂಡೆಯಿಂದಲೂ ಬರುವುದಿಲ್ಲ. ಅದು ಬರುವುದು ರಿಯಾಕ್ಟರಿನಿಂದ. ಅಥವಾ ಥೈರಾಯ್ಡ್ ಚಿಕಿತ್ಸೆಗೆ ಅದನ್ನೇ ಔಷಧಿಯಾಗಿ ಪಡೆದ ರೋಗಿಗಳಿಂದ ಊರಿನ ಚರಂಡಿಗೆ. ಹೊಲದ ಹುಲ್ಲಿನಲ್ಲಿ, ಆಡಿನ ಹಾಲಿನಲ್ಲಿ ಕಂಡುಬಂದರೆ ಮೂಲವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಇದಕ್ಕೆ ಬೇಕಾದ ವಿದ್ಯೆ ಕರ್ನಾಟಕದಲ್ಲಿಯೇ ಇದೆ. ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಕೈಗಾ ಪರಿಸರದ ವಿಕಿರಣವನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಗಾಳಿಯ ಅಯೋಡಿನ್ ಹುಲ್ಲಿಗೆ ಎಷ್ಟು ಇಳಿಯುತ್ತದೆ ಎಂಬುದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. 2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು 2025ರಲ್ಲಿ ಎದ್ದಿತು. ಅಣುಸ್ಥಾವರಕ್ಕೆ ಜಾಗ ಹುಡುಕುವ ಜಿಲ್ಲೆಯಲ್ಲಿ ವಿಶ್ವವಿದ್ಯಾಲಯಕ್ಕೆ ಹಣವಿಲ್ಲವೆಂಬ ಮಾತು ವಿಚಿತ್ರವೇ ಸರಿ. ಅಲ್ಲಿ ಒಂದು ಗಾಮಾ ಮಾಪಕ ಪ್ರಯೋಗಾಲಯ, ಅದನ್ನು ನಡೆಸಬಲ್ಲ ಜಿಲ್ಲೆಯ ನಾಲ್ಕು ಮಂದಿ ವಿದ್ಯಾರ್ಥಿಗಳು ಇದ್ದರೆ ಕೆಲಸ ತೊಡಗುತ್ತದೆ. ಅಂಗಡಿಯಲ್ಲಿ ಸಿಗುವ ಗೀಗರ್ ಯಂತ್ರದಿಂದ ಇದು ಆಗದು ಎಂಬುದನ್ನು ಉತ್ಸಾಹಿ ವಿದ್ಯಾರ್ಥಿಗಳು ತಿಳಿದಿರಬೇಕು. ಅದು ವಿಕಿರಣ ಏರಿತೆಂದು ಹೇಳಬಲ್ಲದು, ಏರಿಸಿದ ವಸ್ತು ಯಾವುದೆಂದು ಹೇಳಲಾರದು. ಗಾಮಾ ಕಿರಣದ ಶಕ್ತಿಯನ್ನು ಬೇರ್ಪಡಿಸಿ ತೋರುವ ಯಂತ್ರ ಬೇಕು. ಅಯೋಡಿನ್-131 ತನ್ನ ಗುರುತನ್ನು 364 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ತೋರಿಸುತ್ತದೆ.

ಫ್ರಾನ್ಸಿನಲ್ಲಿ ಇಂಥದೊಂದು ಪ್ರಯೋಗಾಲಯ ಜನರ ಕೈಯಿಂದಲೇ ಹುಟ್ಟಿತು. ಚೆರ್ನೋಬಿಲ್ ಮೋಡ ತಮ್ಮ ದೇಶಕ್ಕೆ ತೊಂದರೆ ಮಾಡಿಲ್ಲವೆಂಬ ಅಧಿಕಾರಿಗಳ ಸಮಾಧಾನವನ್ನು ನಂಬದವರು 1986ರಲ್ಲಿಯೇ ಕ್ರಿರಾಡ್ ಎಂಬ ಸ್ವತಂತ್ರ ಸಂಸ್ಥೆ ಕಟ್ಟಿ, ಮಣ್ಣು, ಹಾಲು, ಅಣಬೆಗಳನ್ನು ತಾವೇ ಅಳೆಯತೊಡಗಿದರು. ಬೇರೆಯವರ ಅಳತೆಯ ಬೆಲೆ ಇನ್ನೊಮ್ಮೆಯೂ ಕಂಡಿತು. 2011ರ ಶರತ್ಕಾಲದಲ್ಲಿ ಯೂರೋಪಿನ ಹಲವು ದೇಶಗಳ ಗಾಳಿಯಲ್ಲಿ ಅಯೋಡಿನ್-131ರ ಸುಳಿವು ಸಿಕ್ಕಿ, ಜಾಡು ಹಿಡಿದು ಹೋದಾಗ ಹಂಗೇರಿಯ ಬುಡಾಪೆಸ್ಟಿನಲ್ಲಿ ಔಷಧಿಗಾಗಿ ಅಯೋಡಿನ್ ತಯಾರಿಸುವ ಒಂದು ಸಂಸ್ಥೆ ಸಿಕ್ಕಿತು. ಪ್ರಮಾಣ ತೀರ ಅಲ್ಪ, ಅಪಾಯವಿರಲಿಲ್ಲ. ಆದರೂ ಹಿಡಿಯಲಾಯಿತು.

ಹೀಗೆ ಅಳೆದು ಅಳೆದು ಹೇಳಿದರೆ ಜನ ಗಾಬರಿಯಾಗುತ್ತಾರೆ, ಹಾಲಿನ ವ್ಯಾಪಾರ ಕೆಡುತ್ತದೆ ಎಂಬ ಆಕ್ಷೇಪ ಬರುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಹಾಲು ಒಕ್ಕೂಟಕ್ಕೂ ಈ ಭಯ ಇದ್ದೀತು. ಆದರೆ ಗಾಬರಿ ಹುಟ್ಟುವುದು ವರ್ಷವಿಡೀ ಸುಮ್ಮನಿದ್ದು ಒಂದು ದಿನ ಸೈರನ್ ಊದಿದಾಗ. ಪ್ರತಿ ವಾರ ಡೈರಿಯ ಹಲಗೆಯ ಮೇಲೆ 'ಅಯೋಡಿನ್: ಇಲ್ಲ' ಎಂದು ಕಾಣುತ್ತಿದ್ದ ಊರಿನಲ್ಲಿ ಒಂದು ವಾರ 'ಇದೆ, ಇಷ್ಟಿದೆ, ಹದಿನೈದು ದಿನ ಒಣಮೇವು ಹಾಕಿರಿ' ಎಂದು ಬರೆದರೆ ಜನ ಒಣಮೇವು ಹಾಕುತ್ತಾರೆ. ಆ ದಿನಗಳ ಹಾಲನ್ನು ಚೆಲ್ಲಬೇಕಾಗಿಯೂ ಇಲ್ಲ; ಪುಡಿ ಮಾಡಿ ಮೂರು ತಿಂಗಳು ದಾಸ್ತಾನಿಟ್ಟರೆ ಅಯೋಡಿನ್ ತಾನಾಗಿ ಇಲ್ಲವಾಗುತ್ತದೆ. ತಡೆಹಿಡಿದ ಹಾಲಿಗೆ ಸ್ಥಾವರದವರು ಅದೇ ದಿನದ ದರ ಕೊಡಬೇಕೆಂಬುದು ಷರತ್ತಿನಲ್ಲಿಯೇ ಇರಬೇಕು. ರಕ್ಷಣೆಯ ಅಯೋಡಿನ್ ಮಾತ್ರೆಯೂ ಅಷ್ಟೇ: ವಿಷದ ಅಯೋಡಿನ್ ಬರುವ ಮೊದಲು ಅಥವಾ ಬಂದ ಕೆಲವೇ ಗಂಟೆಗಳಲ್ಲಿ ನುಂಗಿದರೆ ಮಾತ್ರ ಪ್ರಯೋಜನ. ಅದು ಜಿಲ್ಲಾ ಕೇಂದ್ರದ ಉಗ್ರಾಣದಲ್ಲಿದ್ದರೆ ಹನುಮಸಾಗರದ, ತಾವರಗೇರಾದ ಮಕ್ಕಳಿಗೆ ಇದ್ದೂ ಇಲ್ಲದಂತೆ. ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಶಾಲೆಯ ಕಪಾಟಿನಲ್ಲಿ ಇರಬೇಕು.

ಮಾದರಿ ಸಂಗ್ರಹಕ್ಕೆ ಹೊಸ ವ್ಯವಸ್ಥೆ ಬೇಕಾಗಿಲ್ಲ. ಡೈರಿಗಳಲ್ಲಿ ಬೆಳಗ್ಗೆ ಹೇಗಿದ್ದರೂ ಹಾಲು ತೆಗೆಯುತ್ತಾರೆ. ಗಾಳಿಯ ನಾಲ್ಕು ದಿಕ್ಕಿನ ಆಯ್ದ ಹಳ್ಳಿಗಳಲ್ಲಿ ವಾರಕ್ಕೆರಡು ಬಾರಿ ಒಂದೊಂದು ಲೀಟರ್ ಹೆಚ್ಚಿಗೆ ತೆಗೆದಿಟ್ಟರೆ ಸಾಕು. ಕುರಿ ಹಟ್ಟಿಗಳಿಂದ ಆಡಿನ ಹಾಲನ್ನು ಬೆಲೆ ಕೊಟ್ಟು ಕೊಳ್ಳಬೇಕು. ಪ್ರತಿ ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ಸ್ಥಾವರದ ಪ್ರಯೋಗಾಲಯಕ್ಕೆ, ಒಂದನ್ನು ವಿಶ್ವವಿದ್ಯಾಲಯಕ್ಕೆ ಅದೇ ದಿನ ಕಳಿಸಬೇಕು. ಎರಡರ ಫಲಿತಾಂಶವೂ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಬರಬೇಕು. ಚಿಮಣಿಯ ಡಬ್ಬಿಯ ಲೆಕ್ಕ, ಅಂದಿನ ಗಾಳಿಯ ದಿಕ್ಕು ಅದರ ಪಕ್ಕದಲ್ಲಿಯೇ ಇರಬೇಕು. ಬಾಟಲಿಯ ಮೇಲೆ ಊರು, ದಿನಾಂಕಗಳ ಜೊತೆಗೆ ಹಾಲು ಕರೆದ ಹೊತ್ತನ್ನೂ, ದನ ಮೇಯ್ದದ್ದು ಹೊಲದಲ್ಲೋ ಕೊಟ್ಟಿಗೆಯಲ್ಲೋ ಎಂಬುದನ್ನೂ ಬರೆಯಬೇಕು. ಕೈಗಾ ಸುತ್ತಲಿನ ಹಳ್ಳಿಗಳಲ್ಲಿ ಈ ಕೆಲಸವನ್ನು ಮುಂದಿನ ಮಳೆಗಾಲ ಮುಗಿದೊಡನೆಯೇ ಆರಂಭಿಸಬಹುದು. ಅಲ್ಲಿ ಸ್ಥಾವರ ಬರುವುದನ್ನು ಕಾಯಬೇಕಾಗಿಲ್ಲ.